ಕಲ್ಯಾಣಿ ಹಾಡುವಾಗ ಪಿಯಾನೊ ಏನು ಮಾಡಬೇಕು?

ಪ್ರಶ್ನೆ: ಹದಿನಾಲ್ಕು ವರ್ಷಗಳಿಂದ ಕರ್ನಾಟಕ ಸಂಗೀತ ಗಾಯನವನ್ನು ಕಲಿಯುತ್ತಿದ್ದೇನೆ, ಕಛೇರಿಗಳನ್ನೂ ಕೊಡುತ್ತಿದ್ದೇನೆ. ನನ್ನದು ಐದೂವರೆ ಮನೆ ಶ್ರುತಿ. ಈಗ ಪಿಯಾನೊ, ಬೇಸ್ ಗಿಟಾರ್ ಮತ್ತು ಡ್ರಮ್ಸ್ ನುಡಿಸುವ ಮೂವರು ಜಾಝ್ ಕಲಾವಿದರೊಂದಿಗೆ ತೊಂಬತ್ತು ನಿಮಿಷಗಳ ಕಾರ್ಯಕ್ರಮ ನೀಡುವ ಅವಕಾಶ ಬಂದಿದೆ. ನನ್ನ ಜೊತೆ ಮೃದಂಗ ಇರುತ್ತದೆ. ಮುಂದೆ ಸ್ಯಾಕ್ಸೊಫೋನ್ ನುಡಿಸುವವರೊಬ್ಬರು ಸೇರಬಹುದು. ಕಲ್ಯಾಣಿ ರಾಗದ ಸ್ವರಗಳು ಪಾಶ್ಚಾತ್ಯರ ಲಿಡಿಯನ್ ಸ್ವರಶ್ರೇಣಿಗೆ ಸಮ ಎಂಬ ಕಾರಣಕ್ಕೆ ಅದನ್ನೇ ಮುಖ್ಯ ರಾಗವಾಗಿ ಆರಿಸಿಕೊಂಡೆವು. ಆದರೆ ಅಭ್ಯಾಸದಲ್ಲಿ ಎಲ್ಲರೂ ಸೇರಿದ ಕೂಡಲೇ, ಸ್ವರ ತಪ್ಪುತ್ತಿಲ್ಲ, ಆದರೂ ರಾಗ ಕಾಣುತ್ತಿಲ್ಲ. ತೀರ್ಮಾನಗಳಲ್ಲಿ, ಅಂದರೆ ಮುಕ್ತಾಯಕ್ಕೆ ಮೂರು ಬಾರಿ ಬರುವ ಜತಿಗಳಲ್ಲಿ, ಲಯವೂ ಜಾರುತ್ತದೆ. ಇದರಿಂದ ಹಾಡಿಕೆ ಕೆಡುತ್ತದೆ ಎಂದು ಗುರುಗಳು ಬೇಸರಿಸಿಕೊಂಡಿದ್ದಾರೆ. ಎರಡು ತಿಂಗಳ ಸಮಯವಿದೆ. ಯಾವ ಸಂಗೀತಕ್ಕೂ ಅನ್ಯಾಯವಾಗದಂತೆ ಇದನ್ನು ಮಾಡಲು ಸಾಧ್ಯವೇ? ಆಹ್ವಾನ ಪತ್ರಿಕೆಯಲ್ಲಿ ‘ಫ್ಯೂಷನ್’ ಎಂದು ಹಾಕಬಹುದೇ?

ಉತ್ತರ: ನಿಮ್ಮ ಪತ್ರದ ಒಂದು ವಾಕ್ಯದ ಬಳಿ ಬಹಳ ಹೊತ್ತು ನಿಂತೆ. ‘ಸ್ವರ ತಪ್ಪುತ್ತಿಲ್ಲ, ಆದರೂ ರಾಗ ಕಾಣುತ್ತಿಲ್ಲ.’ ನಿಮ್ಮ ಕಿವಿ ಸರಿಯಾಗಿಯೇ ಹೇಳುತ್ತಿದೆ. ನೀವು ಪಿಯಾನೊವನ್ನು ಸಂಶಯಿಸುತ್ತಿರುವಂತೆ ತೋರುತ್ತದೆ. ನಾನು ಮೊದಲು ಬೇಸ್ ಗಿಟಾರಿನ ಕಡೆ ನೋಡುತ್ತೇನೆ.

ಗ್ರಹಭೇದವನ್ನು, ಅಂದರೆ ರಾಗದ ಬೇರೊಂದು ಸ್ವರವನ್ನು ಷಡ್ಜವೆಂದು ಹಿಡಿದು ಹೊಸ ರಾಗ ಕಾಣುವುದನ್ನು, ನೀವು ಅಭ್ಯಾಸ ಮಾಡಿರುತ್ತೀರಿ. ಕಲ್ಯಾಣಿಯ ಪಂಚಮವನ್ನು ಷಡ್ಜವೆಂದು ಹಿಡಿದರೆ ಶಂಕರಾಭರಣ, ರಿಷಭವನ್ನು ಹಿಡಿದರೆ ಹರಿಕಾಂಭೋಜಿ, ಗಾಂಧಾರವನ್ನು ಹಿಡಿದರೆ ನಟಭೈರವಿ, ಧೈವತವನ್ನು ಹಿಡಿದರೆ ಖರಹರಪ್ರಿಯ, ನಿಷಾದವನ್ನು ಹಿಡಿದರೆ ತೋಡಿ. ವಿದ್ವಾಂಸರು ಇದನ್ನು ಆಲಾಪನೆಯ ನಡುವೆ ಒಂದೆರಡು ಕ್ಷಣ ತೋರಿಸಿ, ಕೇಳುಗರನ್ನು ಬೆರಗುಗೊಳಿಸಿ ಮರಳಿಬಿಡುತ್ತಾರೆ. ಜಾಝ್ ತಂಡದಲ್ಲಿ ಬೇಸ್ ನುಡಿಸುವವರು ಅದೇ ಕೆಲಸವನ್ನು ತಮಗೆ ಗೊತ್ತಿಲ್ಲದೆ ನಿಮಿಷಕ್ಕೆ ಹತ್ತು ಬಾರಿ ಮಾಡುತ್ತಾರೆ. ಅತ್ಯಂತ ಕೆಳಗಿನ ಸ್ವರವನ್ನೇ ಕಿವಿ ಆಧಾರವೆಂದು ನಂಬುತ್ತದೆ. ಅವರು ಎರಡು ಆವರ್ತನ, ಅಂದರೆ ತಾಳದ ಎರಡು ಸುತ್ತು, ಪಂಚಮದ ಮೇಲೆ ನಿಂತರೆ ನೀವು ಅಪ್ಪಟ ಕಲ್ಯಾಣಿ ಹಾಡುತ್ತಿದ್ದರೂ ಸಭೆಗೆ ಕೇಳುವುದು ಶಂಕರಾಭರಣದ ನೆರಳು. ರಿಷಭಕ್ಕೆ ಇಳಿದರೆ ಹರಿಕಾಂಭೋಜಿಯ ನೆರಳು. ನಿಮ್ಮ ತಂಬೂರಿ ಅಲ್ಲೇ ಇದ್ದರೂ ಬೇಸ್‌ನ ದನಿಯೆದುರು ಅದರ ಮಾತು ನಡೆಯುವುದಿಲ್ಲ.

ಇದರ ಮೇಲೆ ಪಿಯಾನೊ. ನಿಮ್ಮ ಪಿಯಾನೊ ಕಲಾವಿದರು ಮೊದಲ ಸ್ವರಗುಚ್ಛವಾಗಿ, ಅಂದರೆ ಅವರು ಕಾರ್ಡ್ ಎನ್ನುವ ಸ್ವರಗಳ ಗೊಂಚಲಾಗಿ, ಷಡ್ಜ, ಅಂತರ ಗಾಂಧಾರ, ಪಂಚಮ, ಕಾಕಲಿ ನಿಷಾದಗಳನ್ನು ಒಟ್ಟಿಗೆ ಒತ್ತುತ್ತಿರಬೇಕು. ಆ ನಾಲ್ಕೂ ಸ್ವರಗಳು ಕಲ್ಯಾಣಿಗೂ ಶಂಕರಾಭರಣಕ್ಕೂ ಸಮಾನ. ಎರಡನ್ನೂ ಬೇರ್ಪಡಿಸುವ ಮಧ್ಯಮವೇ ಅದರಲ್ಲಿಲ್ಲ. ಹೀಗಾಗಿ ನೆಲವೆಲ್ಲ ಶಂಕರಾಭರಣವಾಗಿ, ನಿಮ್ಮ ಪ್ರತಿಮಧ್ಯಮ ಅದರ ಮೇಲಿನ ಒಂದು ಬಣ್ಣದ ಚುಕ್ಕೆಯಾಗಿಬಿಡುತ್ತದೆ. ಇನ್ನು ನಿಷಾದ. ಕಲ್ಯಾಣಿಯ ನಿಷಾದ ಷಡ್ಜವನ್ನು ಮುಟ್ಟಿ ಮುಟ್ಟಿ ಮರಳುವ ಸ್ವರ. ಪಿಯಾನೊದಲ್ಲಿ ಅದು ಮೊಳೆ ಹೊಡೆದಂತೆ ಒಂದೆಡೆ ನಿಂತಿರುತ್ತದೆ. ನೀವು ತೂಗುವ ಪ್ರತಿ ಗಮಕವೂ ಆ ಮೊಳೆಗೆ ತಾಗುತ್ತದೆ. ಆಗ ನಿಮ್ಮ ಕಂಠ ತಾನಾಗಿಯೇ ಗಮಕವನ್ನು ಕಡಿಮೆ ಮಾಡಿ ಪಿಯಾನೊಗೆ ಹೊಂದಿಕೊಳ್ಳಲು ನೋಡುತ್ತದೆ. ರಾಗ ಕಾಣೆಯಾಗುವುದು ಆ ಗಳಿಗೆಯಲ್ಲಿ.

ಆದ್ದರಿಂದ ಎಲ್ಲಕ್ಕಿಂತ ಮೊದಲು ನಿಮ್ಮ ತಂಡದಲ್ಲಿ ಒಂದು ಒಪ್ಪಂದವಾಗಲಿ. ನಮ್ಮ ಸಂಗೀತದಲ್ಲಿ ಷಡ್ಜ ಕದಲುವುದಿಲ್ಲ, ಅದರ ಮೇಲೆ ಸ್ವರ ತೂಗುತ್ತದೆ. ಜಾಝ್‌ನ ಹೆಚ್ಚಿನ ರಚನೆಗಳಲ್ಲಿ ಸ್ವರದ ಕೆಳಗಿನ ನೆಲವೇ ಸರಿಯುತ್ತದೆ, ಆ ಸರಿಯುವಿಕೆಯೇ ಅದರ ಕಥೆ. ಎರಡೂ ಚಲನೆಗಳು ಒಟ್ಟಿಗೆ ನಡೆದರೆ ಒಂದು ಮತ್ತೊಂದನ್ನು ಅಳಿಸುತ್ತದೆ. ನೀವು ರಾಗವನ್ನು ಬಿಡಿಸುತ್ತಿರುವಾಗ ಅವರ ನೆಲ ನಿಂತಿರಲಿ. ಅವರ ನೆಲ ಸರಿಯುವಾಗ ನೀವು ನೇರವಾದ, ಉದ್ದನೆಯ ಸ್ವರಗಳಲ್ಲಿ ನಿಲ್ಲಿ, ಇಲ್ಲವೇ ಸುಮ್ಮನಿರಿ. ಸರದಿ ಬದಲಾಗುತ್ತಾ ಇರಲಿ. ನಾನು ಮೂವತ್ತು ವರ್ಷ ಪಿಟೀಲು ಹಿಡಿದು ಇಂಥ ವೇದಿಕೆಗಳಲ್ಲಿ ಕುಳಿತು ಕಲಿತದ್ದರಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಬೇರೊಂದಿಲ್ಲ.

ಈ ಕ್ಷೇತ್ರದಲ್ಲಿ ನಿಂತು ಬಾಳಿದ ಪ್ರಯೋಗಗಳನ್ನು ಕೇಳಿ ನೋಡಿ. 1975ರಲ್ಲಿ ಜಾನ್ ಮೆಕ್‌ಲಾಫ್ಲಿನ್, ಎಲ್. ಶಂಕರ್, ಝಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್, ರಾಮನಾಡ್ ರಾಘವನ್ ಸೇರಿ ನುಡಿಸಿದ ‘ಶಕ್ತಿ’ಯ ಮೊದಲ ಆಲ್ಬಮ್ ಒಂದು ನೇರ ಕಛೇರಿಯ ಧ್ವನಿಮುದ್ರಣ. ಅದರಲ್ಲಿ ಯಾವ ವಾದ್ಯಗಳಿಲ್ಲ ಎಂಬುದನ್ನು ಗಮನಿಸಿ. ಪಿಯಾನೊ ಇಲ್ಲ, ಬೇಸ್ ಇಲ್ಲ, ಡ್ರಮ್ಸ್ ಇಲ್ಲ. ಅದಕ್ಕೂ ಮುಂಚೆ ಇದೇ ಮೆಕ್‌ಲಾಫ್ಲಿನ್ ವಿದ್ಯುತ್ ಗಿಟಾರ್ ಹಿಡಿದು ಬೃಹತ್ ಸದ್ದಿನ ತಂಡವೊಂದನ್ನು ನಡೆಸಿದವರು, ವೀಣೆಯನ್ನು ಅಭ್ಯಾಸ ಮಾಡಿದವರು. ‘ಶಕ್ತಿ’ಗಾಗಿ ಅವರು ಮೆಟ್ಟಿಲುಗಳ ನಡುವಿನ ಮರವನ್ನು ಕೊರೆಸಿ, ತಂತಿಯನ್ನು ವೀಣೆಯಂತೆ ಒತ್ತಿ ಎಳೆಯಬಹುದಾದ ಗಿಟಾರ್ ಮಾಡಿಸಿಕೊಂಡರು. ಅನುರಣನದ ತಂತಿಗಳನ್ನೂ ಹಾಕಿಸಿದರು. 1983ರಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಅವರು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಂದಿಗೆ ಮಾಡಿದ ‘ಜ್ಯೋತಿ’ಯನ್ನು ಕೇಳಿ. ಆರ್.ಎ. ರಮಾಮಣಿಯವರ ಕಂಠ, ಟಿ.ಎ.ಎಸ್. ಮಣಿಯವರ ಮೃದಂಗ, ಘಟ, ಖಂಜಿರ, ಜೊತೆಗೆ ಊದುವ ವಾದ್ಯ. ಅಲ್ಲೂ ಸ್ವರಗುಚ್ಛ ನುಡಿಸುವ ವಾದ್ಯವಿಲ್ಲ. ಮಾರಿಯಾನೊ ನಾಗಸ್ವರವನ್ನು ಕಲಿತಿದ್ದರು ಎಂಬುದು ಅವರು ತೆಗೆದುಕೊಳ್ಳುವ ಉಸಿರಿನಲ್ಲೇ ತಿಳಿಯುತ್ತದೆ. ಈ ಕಲಾವಿದರು ಏನನ್ನು ಸೇರಿಸಿದರು ಎಂದು ಎಲ್ಲರೂ ಹೊಗಳುತ್ತಾರೆ. ಏನನ್ನು ಕೆಳಗಿಟ್ಟು ಬಂದರು ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಹಾಗೆಂದು ಪಿಯಾನೊ ಬೇಡ ಎನ್ನುತ್ತಿಲ್ಲ. ನಿಮ್ಮ ತಂಡದಲ್ಲಿ ಅದಿದೆ, ಅದಕ್ಕೆ ಗೌರವದ ಕೆಲಸ ಕೊಡಬೇಕು. ಜಾಝ್‌ನ ಒಳಗೇ ನಮಗೆ ಹತ್ತಿರದ ಒಂದು ದಾರಿಯಿದೆ. 1959ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ‘ಕೈಂಡ್ ಆಫ್ ಬ್ಲೂ’ ಆಲ್ಬಮ್‌ನಲ್ಲಿ ಸ್ವರಗುಚ್ಛಗಳ ಓಟವನ್ನು ಬಹುವಾಗಿ ತಗ್ಗಿಸಿದರು. ಅದರ ಮೊದಲ ರಚನೆಯಲ್ಲಿ ಹದಿನಾರು ಬಾರ್‌ಗಳ, ಅಂದರೆ ನಾಲ್ಕೆಣಿಕೆಯ ಹದಿನಾರು ಘಟಕಗಳ, ಕಾಲ ಒಂದೇ ಸ್ವರಶ್ರೇಣಿ ಇರುತ್ತದೆ. ಅದು ನಮ್ಮ ಖರಹರಪ್ರಿಯದ ಸ್ವರಗಳೇ. ಆಮೇಲೆ ಎಂಟು ಬಾರ್ ಅದೇ ಶ್ರೇಣಿ ಅರ್ಧ ಮನೆ ಮೇಲೇರಿ ಮತ್ತೆ ಮೂಲಕ್ಕೆ ಇಳಿಯುತ್ತದೆ. ಆ ದಾರಿಯಲ್ಲಿ ನಡೆದ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ನಮ್ಮ ಸಂಗೀತವನ್ನು ಶ್ರದ್ಧೆಯಿಂದ ಕೇಳಿದವರು. 1965ರಲ್ಲಿ ಹುಟ್ಟಿದ ಮಗನಿಗೆ ಪಂಡಿತ್ ರವಿಶಂಕರ್ ಅವರ ಮೇಲಿನ ಗೌರವದಿಂದ ರವಿ ಎಂದೇ ಹೆಸರಿಟ್ಟರು. ನಿಮ್ಮ ಪಿಯಾನೊ ಕಲಾವಿದರಿಗೆ ‘ಆ ಕಾಲದ ಮೋಡಲ್ ಶೈಲಿಯಲ್ಲಿ ನುಡಿಸಿ’ ಎಂದರೆ ಸಾಕು, ಅರ್ಧ ಮಾತು ಉಳಿಯುತ್ತದೆ. ಅವರು ಸ್ವರಗಳನ್ನು ಮೂರು ಮೂರು ಮೆಟ್ಟಿಲಿನ ಬದಲು ನಾಲ್ಕು ನಾಲ್ಕು ಮೆಟ್ಟಿಲಿನ ಅಂತರದಲ್ಲಿ ಜೋಡಿಸುತ್ತಾರೆ. ಆ ಜೋಡಣೆ ಯಾವ ರಾಗವನ್ನೂ ಗಟ್ಟಿಯಾಗಿ ಘೋಷಿಸುವುದಿಲ್ಲ, ನಿಮಗೆ ಜಾಗ ಬಿಡುತ್ತದೆ.

ಗಾಂಧಾರದ ವಿಷಯವಾಗಿ ಒಂದು ಸೂಕ್ಷ್ಮವಿದೆ. ತಂಬೂರಿಯಿಂದ ತಾನಾಗಿ ಹೊಮ್ಮುವ ಅಂತರ ಗಾಂಧಾರ ಪಿಯಾನೊದ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗಿದೆ. ಒಂದು ಅರ್ಧಸ್ವರಕ್ಕೆ 100 ಸೆಂಟ್ ಎಂಬ ಲೆಕ್ಕದಲ್ಲಿ ಇದು ಚಿಕ್ಕದಲ್ಲ. ಪಂಚಮದಲ್ಲಿ ವ್ಯತ್ಯಾಸ ಎರಡು ಸೆಂಟ್ ಮಾತ್ರ, ಕಿವಿಗೆ ತಿಳಿಯುವುದಿಲ್ಲ. ಆದ್ದರಿಂದ ನೀವು ಗಾಂಧಾರದಲ್ಲಿ ನ್ಯಾಸ ಮಾಡಿ ನಿಲ್ಲುವಾಗ ಪಿಯಾನೊ ಗಾಂಧಾರವನ್ನು ಬಿಟ್ಟು ಷಡ್ಜ, ಪಂಚಮ, ರಿಷಭಗಳನ್ನು ಹಿಡಿಯಲಿ. ನೀವೇ ಆ ಗೊಂಚಲಿನ ಗಾಂಧಾರವಾಗುತ್ತೀರಿ. ಅಭ್ಯಾಸದಲ್ಲಿ ಇದನ್ನೊಮ್ಮೆ ಮಾಡಿ ನೋಡಿ. ಕೋಣೆಯಲ್ಲಿದ್ದ ಎಲ್ಲರ ಮುಖವೂ ಬದಲಾಗುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಈಗ ರಾಗಗಳ ಆಯ್ಕೆ. ಮೇಳಕರ್ತದ, ಅಂದರೆ ನಮ್ಮ ಮೂಲ ರಾಗಗಳ, ಪಟ್ಟಿಯನ್ನೂ ಪಾಶ್ಚಾತ್ಯ ಸ್ವರಶ್ರೇಣಿಗಳ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ರಾಗ ಆರಿಸುವ ಪದ್ಧತಿಯನ್ನು ದಯವಿಟ್ಟು ಕೈಬಿಡಿ. ತೋಡಿಯ ಸ್ವರಗಳು ಫ್ರಿಜಿಯನ್ ಎಂಬುದು ಕಾಗದದಲ್ಲಿ ಸತ್ಯ. ಆದರೆ ತೋಡಿಯ ಗಾಂಧಾರವನ್ನು ನೇರವಾಗಿ ಹಿಡಿದರೆ ಅದು ತೋಡಿಯೇ ಅಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಈ ರಾಗ ಗಮಕವನ್ನು ಎಷ್ಟು ಬೇಡುತ್ತದೆ? ಸ್ವರ ನೇರವಾಗಿ ನಿಂತರೂ ಮುಖ ಉಳಿಯುತ್ತದೆಯೇ? ಮೋಹನ, ಹಂಸಧ್ವನಿ, ಹಿಂದೋಳಗಳ ಮುಖ ಉಳಿಯುತ್ತದೆ. ಸಹಾನ, ಬೇಗಡೆ, ಯದುಕುಲಕಾಂಭೋಜಿ, ಆಹಿರಿಗಳ ಮುಖ ಅಳಿದೇಹೋಗುತ್ತದೆ. ಬಹಳ ಹಿಂದೆ ನಾನು ಸಹಾನದಲ್ಲಿ ಒಂದು ಕೃತಿಯನ್ನು ಕೀಬೋರ್ಡ್ ಜೊತೆ ನುಡಿಸಿದೆ. ಆ ಕಲಾವಿದರು ಬಹು ಪ್ರತಿಭಾವಂತರು, ಒಂದು ಸ್ವರವನ್ನೂ ತಪ್ಪಾಗಿ ಒತ್ತಲಿಲ್ಲ. ಆದರೆ ಸಹಾನದ ರಿಷಭ, ಗಾಂಧಾರಗಳು ಬದುಕಿರುವುದೇ ಆ ನಿಧಾನದ ಓಲಾಟದಲ್ಲಿ. ಪ್ರತಿ ಸಾಲಿನಲ್ಲೂ ಅದು ನನ್ನ ಕೈಯಲ್ಲೇ ಒಡೆಯುತ್ತಿದ್ದುದನ್ನು ಕೇಳುತ್ತಾ ಕೃತಿಯನ್ನು ಮುಗಿಸಬೇಕಾಯಿತು. ಆ ನೋವು ಇಂದಿಗೂ ಇದೆ.

ನಿಮಗೆ ನಾನು ಮುಖ್ಯವಾಗಿ ಸೂಚಿಸುವುದು ವಾಚಸ್ಪತಿ. ಕಲ್ಯಾಣಿಗೂ ಅದಕ್ಕೂ ಇರುವ ವ್ಯತ್ಯಾಸ ನಿಷಾದ ಮಾತ್ರ, ಕಾಕಲಿಯ ಬದಲು ಕೈಶಿಕಿ. ಆದರೆ ಆ ಒಂದು ಬದಲಾವಣೆಯಿಂದ ಷಡ್ಜದ ಮೇಲೆ ಕಟ್ಟುವ ಸ್ವರಗುಚ್ಛ ಜಾಝ್‌ನವರ ಮನೆಯದೇ ಆಗುತ್ತದೆ. ಅದರ ಮೇಲೆ ಪ್ರತಿಮಧ್ಯಮವನ್ನು ಇಡುವುದು ಅವರಿಗೆ ದಿನನಿತ್ಯದ ರುಚಿ. ಆ ಗೊಂಚಲಿನ ಮೇಲೆ ಅವರು ಎಷ್ಟು ಹೊತ್ತಾದರೂ ಕದಲದೆ ನಿಲ್ಲಬಲ್ಲರು. ಚಾರುಕೇಶಿಯೂ ಚೆನ್ನ. ಕೀರವಾಣಿಯ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಅದರ ಸ್ವರಗಳಲ್ಲೇ ಪಂಚಮದಿಂದ ಷಡ್ಜಕ್ಕೆ ಎಳೆಯುವ ಬಲವಾದ ಸ್ವರಗುಚ್ಛ ಸಿದ್ಧವಾಗಿ ಕುಳಿತಿದೆ. ಪಿಯಾನೊ ಅದನ್ನು ಎರಡು ಬಾರಿ ನುಡಿಸಿದರೆ ಆಲಾಪನೆಯ ವಿಶ್ರಾಂತಿ ಹೋಗಿ, ಎಲ್ಲವೂ ಮುಕ್ತಾಯಗಳ ಸಾಲಾಗಿಬಿಡುತ್ತದೆ.

ಕಲ್ಯಾಣಿಯನ್ನು ಬಿಡಬೇಕೆಂದಿಲ್ಲ. ಅದನ್ನು ಮೃದಂಗದೊಂದಿಗೆ ಮಾತ್ರ ಹಾಡಿ. ಬೇಸ್ ಬೇಕಾದರೆ ಆಧಾರ ಷಡ್ಜದಲ್ಲಿ ಮೆಲ್ಲನೆ ಇರಲಿ. ಜಾಝ್ ಕೇಳಲು ಬಂದವರು ಪೂರ್ಣ ಗಮಕಗಳ ಕಲ್ಯಾಣಿಯನ್ನು ಒಂದು ಹತ್ತು ನಿಮಿಷ ಕೇಳಲಿ. ಹಾಗೆಯೇ ಪಿಯಾನೊ ತ್ರಯವೂ ನೀವಿಲ್ಲದೆ ಒಂದು ರಚನೆ ನುಡಿಸಲಿ, ನೀವು ವೇದಿಕೆಯಲ್ಲೇ ಕುಳಿತು ಕೇಳಿ. ಸೇರಿದಾಗ ಏನಾಯಿತು ಎಂಬುದು ಬೇರೆಯಾಗಿದ್ದದ್ದನ್ನು ಕೇಳಿದವರಿಗೆ ಮಾತ್ರ ತಿಳಿಯುತ್ತದೆ.

ಬೇಸ್ ಗಿಟಾರನ್ನು ದೂರಿದೆ. ಅದೇ ವಾದ್ಯದಿಂದ ಸಿಗುವ ಅತ್ಯಂತ ಸುಂದರವಾದ ಸಾಧ್ಯತೆಯನ್ನೂ ಹೇಳುತ್ತೇನೆ. ಮೋಹನ ಹಾಡಿ. ಬೇಸ್ ಷಡ್ಜದ ಮೇಲೆ ಹತ್ತು ನಿಮಿಷ ಅಲುಗಾಡದೆ ಇರಲಿ. ನಿರವಲ್, ಅಂದರೆ ಒಂದು ಸಾಲಿನ ವಿಸ್ತಾರ, ಏರಿ ತುದಿ ಮುಟ್ಟುವಾಗ, ಮೊದಲೇ ಗೊತ್ತುಮಾಡಿಕೊಂಡ ಒಂದು ಆವರ್ತನದಲ್ಲಿ, ಬೇಸ್ ಧೈವತಕ್ಕೆ ಇಳಿಯಲಿ. ನೀವು ಒಂದು ಸ್ವರವನ್ನೂ ಬದಲಿಸಬೇಡಿ. ಮೋಹನದ ಧೈವತವನ್ನು ಷಡ್ಜವಾಗಿಸಿದರೆ ಶುದ್ಧ ಧನ್ಯಾಸಿ. ನಿಮ್ಮ ಬೆಳಕಿನ ಮೋಹನದ ಮೇಲೆ ತಟ್ಟನೆ ಮೋಡ ಕವಿದಂತಾಗುತ್ತದೆ. ನಾಲ್ಕು ಆವರ್ತನಗಳ ನಂತರ ಬೇಸ್ ಷಡ್ಜಕ್ಕೆ ಮರಳುವಾಗ ಸಭೆಯ ಉಸಿರು ಬಿಡುವ ಸದ್ದು ಕೇಳಿಸುತ್ತದೆ. ಜಾಝ್‌ನವರ ಕಣ್ಣಲ್ಲಿ ಇದು ನೆಲ ಸರಿಸುವಿಕೆ, ನಮ್ಮ ಕಣ್ಣಲ್ಲಿ ಗ್ರಹಭೇದ. ಎರಡು ಸಂಪ್ರದಾಯಗಳು ಬೇರೆ ಬೇರೆ ಹೆಸರಿಟ್ಟು ಕಾಪಾಡಿಕೊಂಡು ಬಂದ ಒಂದೇ ಸತ್ಯ ಅದು. ಇಡೀ ಕಾರ್ಯಕ್ರಮದಲ್ಲಿ ಇದನ್ನು ಒಂದೇ ಬಾರಿ ಮಾಡಿ.

ಶ್ರುತಿಯ ವಿಷಯದಲ್ಲಿ ನಿಮಗೆ ಅದೃಷ್ಟವಿದೆ. ನಿಮ್ಮ ಐದೂವರೆ ಮನೆಯನ್ನು ಅವರು ಎ-ಫ್ಲಾಟ್ ಎನ್ನುತ್ತಾರೆ. ಸ್ಯಾಕ್ಸೊಫೋನ್ ಸೇರಿದರೂ ತೊಂದರೆಯಿಲ್ಲ. ಆಲ್ಟೊ ವಾದ್ಯದಲ್ಲಿ ಅದು ಎಫ್ ಆಗಿ, ಟೆನರ್‌ನಲ್ಲಿ ಬಿ-ಫ್ಲಾಟ್ ಆಗಿ ಬರುತ್ತದೆ. ಎರಡೂ ಅವರ ಬೆರಳಿಗೆ ಒಗ್ಗಿದ ಜಾಗಗಳು. ಆದರೆ ತೊಂಬತ್ತು ನಿಮಿಷ ಒಂದೇ ಶ್ರುತಿಯಲ್ಲಿದ್ದರೆ ಜಾಝ್‌ನ ಕಿವಿ ದಣಿಯುತ್ತದೆ. ಮೃದಂಗವೋ ನಿಮ್ಮ ಷಡ್ಜಕ್ಕೆ ಕೂಡಿಸಿದ್ದು. ಇದಕ್ಕೆ ನಮ್ಮಲ್ಲೇ ಪರಿಹಾರವಿದೆ, ಮಧ್ಯಮ ಶ್ರುತಿ, ಅಂದರೆ ಮಧ್ಯಮವನ್ನೇ ಷಡ್ಜವಾಗಿ ಹಿಡಿಯುವುದು. ಕುರಂಜಿಯಲ್ಲೋ ಚೆಂಚುರುಟಿಯಲ್ಲೋ ಒಂದು ಚಿಕ್ಕ ರಚನೆಯನ್ನು ಮಧ್ಯಮ ಶ್ರುತಿಯಲ್ಲಿ ಹಾಡಿ. ಬೇಸ್ ಮಧ್ಯಮಕ್ಕೆ ಸರಿಯುತ್ತದೆ. ಮೃದಂಗ ತನ್ನ ಜಾಗದಲ್ಲೇ ಇದ್ದರೂ ಅದರ ಷಡ್ಜ ಈಗ ಹೊಸ ಆಧಾರದ ಪಂಚಮವಾಗಿ ಕೂಡಿಕೊಳ್ಳುತ್ತದೆ. ನೆಲ ಬದಲಾಯಿತು, ಯಾರೂ ವಾದ್ಯ ಬದಲಿಸಲಿಲ್ಲ.

ಲಯಕ್ಕೆ ಬರುತ್ತೇನೆ. ನಿಮ್ಮ ತೀರ್ಮಾನಗಳು ಜಾರುವುದಕ್ಕೆ ಕಾರಣವನ್ನು ಊಹಿಸಬಲ್ಲೆ. ನೀವೂ ಮೃದಂಗವೂ ಚತುರಶ್ರ ನಡೆಯಲ್ಲಿದ್ದೀರಿ, ಪ್ರತಿ ಅಕ್ಷರಕ್ಕೆ ‘ತಕದಿಮಿ’ ಎಂದು ನಾಲ್ಕು ಸಮ ಭಾಗ. ಡ್ರಮ್ಸ್ ಸ್ವಿಂಗ್‌ನಲ್ಲಿದೆ. ಸ್ವಿಂಗ್ ಎಂದರೆ ಸ್ಥೂಲವಾಗಿ ತಿಶ್ರ ನಡೆಯ ‘ತಕಿಟ’ದಲ್ಲಿ ನಡುವಿನ ‘ಕಿ’ಯನ್ನು ನುಂಗಿದ ಹಾಗೆ. ಉದ್ದ, ಗಿಡ್ಡ, ಉದ್ದ, ಗಿಡ್ಡ. ವೇಗ ಹೆಚ್ಚಿದಂತೆ ಆ ಉದ್ದಗಿಡ್ಡದ ಅಂತರ ಕಡಿಮೆಯಾಗಿ ಹೆಚ್ಚುಕಡಿಮೆ ಸಮವಾಗುತ್ತದೆ. ಹೀಗಾಗಿ ಮಧ್ಯಮ ವೇಗದಲ್ಲಿ ನಿಮ್ಮಿಬ್ಬರ ಒಳಗಿನ ಎಣಿಕೆ ಬೇರೆ ಬೇರೆ. ಅಕ್ಷರ ಒಂದೇ ಕಡೆ ಬಿದ್ದರೂ ನಡುವಿನ ಜಾಗಗಳು ಒಂದಕ್ಕೊಂದು ತಿಕ್ಕುತ್ತವೆ. ಎರಡರಲ್ಲಿ ಒಂದನ್ನು ಆರಿಸಿ. ಡ್ರಮ್ಸ್ ನೇರ ಎಂಟರ ನಡೆಗೆ, ಅಂದರೆ ಸಮ ಭಾಗಗಳ ನಡೆಗೆ, ಬರಲಿ, ಅಥವಾ ನೀವು ಸ್ವರಕಲ್ಪನೆಯನ್ನು ತಿಶ್ರ ನಡೆಯಲ್ಲಿ ಮಾಡಿ. ತಿಶ್ರದಲ್ಲಿ ಹಾಡುವಾಗ ಸ್ವಿಂಗ್ ಕೆಳಗೆ ಎಷ್ಟು ಸಹಜವಾಗಿ ಕೂಡುತ್ತದೆ ಎಂದರೆ, ಮೊದಲ ಬಾರಿ ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು.

ಭಾರವೂ ಬೇರೆ. ಆದಿ ತಾಳದಲ್ಲಿ ನಾವು ಸಮವನ್ನು, ಅಂದರೆ ಆವರ್ತನದ ಮೊದಲ ಎಣಿಕೆಯನ್ನು, ನೋಡುತ್ತಾ ಬದುಕುತ್ತೇವೆ. ಜಾಝ್‌ನವರು ಎರಡು ಮತ್ತು ನಾಲ್ಕರ ಮೇಲೆ ಚಿಟಿಕೆ ಹೊಡೆಯುತ್ತಾರೆ. ಅವರಿಗೆ ಕೈಯಲ್ಲಿ ತಾಳ ಹಾಕುವುದನ್ನು ಕಲಿಸಿ. ಲಘುವಿನ ಬೆರಳೆಣಿಕೆ, ದ್ರುತದ ತಟ್ಟು ಮತ್ತು ಬೀಸು ಎಲ್ಲವನ್ನೂ ಕಲಿಸಿ. ನೀವು ಎರಡು-ನಾಲ್ಕರ ಚಿಟಿಕೆ ಹೊಡೆಯುತ್ತಾ ನಿಮ್ಮ ವರ್ಣವನ್ನು ಹಾಡಿ. ಮೊದಲ ದಿನ ಎಡವುತ್ತೀರಿ, ಒಂದು ವಾರದಲ್ಲಿ ದೇಹ ಒಪ್ಪಿಕೊಳ್ಳುತ್ತದೆ. ಖಂಡ ಚಾಪುವಿನಲ್ಲಿ ಇನ್ನೊಂದು ತೊಡಕಿದೆ. ನಮ್ಮದು ಎರಡು-ಮೂರು, ‘ತಕ ತಕಿಟ’. ಡೇವ್ ಬ್ರೂಬೆಕ್ ತಂಡ 1959ರಲ್ಲಿ ಧ್ವನಿಮುದ್ರಿಸಿದ ಪ್ರಸಿದ್ಧ ಐದೆಣಿಕೆಯ ರಚನೆ ಮೂರು-ಎರಡು. ಜಾಝ್‌ನವರ ಕೈ ಅದಕ್ಕೇ ಒಗ್ಗಿರುತ್ತದೆ. ಐದು ಎಂದು ಹೇಳಿ ಬಿಡಬೇಡಿ, ಒಳಗಿನ ವಿಭಜನೆಯನ್ನು ಬಾಯಲ್ಲಿ ಹೇಳಿ ತೋರಿಸಿ.

ತೀರ್ಮಾನಗಳನ್ನು ಅವರ ಭಾಷೆಗೆ ತಿರುಗಿಸಿ ಕೊಡಿ. ಉದಾಹರಣೆಗೆ, ‘ತದಿಗಿಣತೊಂ’ ಮೂರು ಬಾರಿ, ನಡುವೆ ಒಂದೊಂದು ಮಾತ್ರೆ ವಿರಾಮ. ಐದು, ಒಂದು, ಐದು, ಒಂದು, ಐದು, ಒಟ್ಟು ಹದಿನೇಳು ಮಾತ್ರೆ. ಆದಿ ತಾಳದ ಒಂದು ಆವರ್ತನಕ್ಕೆ ಮೂವತ್ತೆರಡು ಮಾತ್ರೆ. ಹದಿನೈದು ಬಿಟ್ಟು ಹದಿನಾರನೆಯದರಲ್ಲಿ ಎತ್ತಬೇಕು. ಡ್ರಮ್ಸ್ ಕಲಾವಿದರಿಗೆ ‘ನಾಲ್ಕನೆಯ ಬೀಟ್‌ನ ಕೊನೆಯ ಕಾಲು ಭಾಗದಲ್ಲಿ ಎತ್ತಿ, ಮುಂದಿನ ಒಂದಕ್ಕೆ ಬನ್ನಿ’ ಎಂದರೆ ತಕ್ಷಣ ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಅವರು ಅದನ್ನು ಬಾಯಲ್ಲಿ ಹೇಳಲಿ. ಹೀಗೆ ಜತಿಗಳನ್ನು ಬಾಯಲ್ಲಿ ಹೇಳುವ ಕೊನ್ನಕ್ಕೋಲು ನಮ್ಮಿಂದ ಹೊರಜಗತ್ತು ಅತಿ ಸಂತೋಷದಿಂದ ಸ್ವೀಕರಿಸಿದ ಕೊಡುಗೆ. ಕೊರ್ವೆಯನ್ನು, ಅಂದರೆ ಲೆಕ್ಕ ಕಟ್ಟಿದ ಜತಿಗಳ ಮುಕ್ತಾಯವನ್ನು, ಕಾಗದದಲ್ಲಿ ಬರೆದುಕೊಟ್ಟಾಗ ತಡವರಿಸುವ ವಾದಕರು, ಬಾಯಲ್ಲಿ ಹೇಳಿಕೊಂಡಾಗ ಒಂದೇ ದಿನದಲ್ಲಿ ಹಿಡಿಯುತ್ತಾರೆ.

ತಾಳವಾದ್ಯಗಳಷ್ಟೇ ನುಡಿಸುವ ತನಿ ಆವರ್ತನದಲ್ಲಿ ನಿಮಗೆ ಹೊಸದೇನನ್ನೂ ಹುಡುಕುವ ಅಗತ್ಯವಿಲ್ಲ. ನಮ್ಮ ಕುರೈಪ್ಪು ಎರಡು ಆವರ್ತನ, ಒಂದು, ಅರ್ಧ ಎಂದು ಕಿರಿದಾಗುತ್ತಾ ಹೋಗುವ ಸಂವಾದ. ಜಾಝ್‌ನಲ್ಲಿ ವಾದಕರು ನಾಲ್ಕು ನಾಲ್ಕು ಬಾರ್‌ಗಳನ್ನು ಹಂಚಿಕೊಳ್ಳುವ ಪದ್ಧತಿಯಿದೆ. ಅವರ ನಾಲ್ಕು ಬಾರ್ ಎಂದರೆ ಹದಿನಾರು ಎಣಿಕೆ, ನಮ್ಮ ಆದಿಯ ಎರಡು ಆವರ್ತನ. ಮೃದಂಗವೂ ಡ್ರಮ್ಸೂ ಅಲ್ಲಿಂದ ಆರಂಭಿಸಿದರೆ ಎರಡು ಮನೆಗಳ ರೂಢಿಯೂ ಒಂದೇ ಬಾಗಿಲಿನಲ್ಲಿ ಸೇರುತ್ತದೆ.

ರಚನೆಗಳ ಬಗ್ಗೆ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಸಂಗೀತ ತ್ರಿಮೂರ್ತಿಗಳಾದ ತ್ಯಾಗರಾಜ, ಮುತ್ತುಸ್ವಾಮಿ ದೀಕ್ಷಿತ, ಶ್ಯಾಮಾ ಶಾಸ್ತ್ರಿಗಳ ದೊಡ್ಡ ಕೃತಿಗಳಿಗೆ ಸ್ವರಗುಚ್ಛ ಜೋಡಿಸುವುದನ್ನು ನಾನು ಇಷ್ಟಪಡುವುದಿಲ್ಲ. ಅವುಗಳ ಒಂದೊಂದು ಸಂಗತಿಯೂ, ಅಂದರೆ ಸಾಲಿನ ಒಂದೊಂದು ಬದಲು ರೂಪವೂ, ಒಂಟಿ ಗೆರೆಯಾಗಿಯೇ ಪೂರ್ಣವಾಗಿದೆ. ಅದರ ಬದಲು ಪಲ್ಲವಿಯನ್ನು ಹಿಡಿಯಿರಿ. ಎರಡು ಆವರ್ತನದ ಒಂದು ಸಾಲನ್ನು ನೀವೇ ಕಟ್ಟಿ, ಮಾತು ಸರಳವಾಗಿರಲಿ. ಜಾಝ್ ರಚನೆಯ ಆಕಾರ ಹೀಗಿರುತ್ತದೆ: ಮೊದಲು ಎಲ್ಲರೂ ಮುಖ್ಯ ಸಾಲನ್ನು ನುಡಿಸುತ್ತಾರೆ, ನಂತರ ಒಬ್ಬೊಬ್ಬರ ಮನೋಧರ್ಮದ ಆಶು ವಿಸ್ತಾರ, ಕೊನೆಗೆ ಮತ್ತೆ ಮುಖ್ಯ ಸಾಲು. ಪಲ್ಲವಿ, ನಿರವಲ್, ಸ್ವರಕಲ್ಪನೆ, ಮತ್ತೆ ಪಲ್ಲವಿ. ಇದಕ್ಕಿಂತ ಹತ್ತಿರದ ಸಂಬಂಧ ನಮ್ಮ ಯಾವ ರಚನಾ ಪ್ರಕಾರಕ್ಕೂ ಇಲ್ಲ. ವಾಚಸ್ಪತಿಯಲ್ಲಿ ರಾಗ, ತಾನ, ಪಲ್ಲವಿಯನ್ನು ಇಪ್ಪತ್ತೈದು ನಿಮಿಷ ಮಾಡಿ. ತಾನದಲ್ಲಿ ಪಿಯಾನೊ ನಿಮ್ಮೊಂದಿಗೆ ಇರಬಹುದು, ವೀಣೆಯ ತಾನವನ್ನು ಅವರಿಗೆ ಮೊದಲೇ ಕೇಳಿಸಿ.

ಇಷ್ಟು ಹೊತ್ತು ಅವರು ಏನು ಬಿಡಬೇಕು ಎಂದೇ ಹೆಚ್ಚು ಹೇಳಿದೆ. ನೀವೂ ಬಿಡಬೇಕು, ಕಲಿಯಬೇಕು. ಹನ್ನೆರಡು ಬಾರ್‌ಗಳ ಬ್ಲೂಸ್ ಒಂದನ್ನು ಕಲಿಯಿರಿ. ನಲವತ್ತೆಂಟು ಎಣಿಕೆ, ಅಂದರೆ ಆದಿಯ ಆರು ಆವರ್ತನ. ಅಲ್ಲಿ ನೆಲ ಷಡ್ಜದಿಂದ ಮಧ್ಯಮಕ್ಕೆ, ಪಂಚಮಕ್ಕೆ ಚಲಿಸುತ್ತದೆ. ಆ ಚಲನೆಯನ್ನು ಕಣ್ಣು ಮುಚ್ಚಿ ಗುರುತಿಸುವ ತನಕ ಕೇಳಿ. ಬ್ಲೂಸ್‌ನ ಗಾಂಧಾರ ಸಾಧಾರಣಕ್ಕೂ ಅಂತರಕ್ಕೂ ನಡುವೆ ಬಾಗುತ್ತದೆ. ಗಮಕ ಬಲ್ಲ ನಿಮಗೆ ಅದು ತಕ್ಷಣ ಒಳಗಿಳಿಯುತ್ತದೆ. ಅಮೆರಿಕದ ಕಪ್ಪು ಜನರು ದುಃಖದಲ್ಲೂ ಘನತೆಯಲ್ಲೂ ಕಟ್ಟಿ ಬೆಳೆಸಿದ ಸಂಗೀತ ಇದು. ನಮ್ಮ ಆಲಾಪನೆಗೆ ಹಿನ್ನೆಲೆ ಒದಗಿಸುವುದಕ್ಕಾಗಿ ಹುಟ್ಟಿದ್ದಲ್ಲ. ಆ ಬ್ಲೂಸ್ ನಡೆಯುವಾಗ ಪಿಯಾನೊ ಮುಂದಿರಲಿ, ನೀವು ಹಿಂದಿನಿಂದ ಚಿಕ್ಕ ಉತ್ತರಗಳನ್ನು ಮಾತ್ರ ಕೊಡಿ.

ಎರಡೂ ಕಡೆ ನಿಜವಾಗಿ ನಿಂತವರು ಬೇಕೆಂದರೆ ಕದ್ರಿ ಗೋಪಾಲನಾಥ್ ಮತ್ತು ರುದ್ರೇಶ್ ಮಹಾಂತಪ್ಪ ಅವರು ಒಟ್ಟಾಗಿ ನುಡಿಸಿ 2008ರಲ್ಲಿ ಬಂದ ‘ಕಿನ್ಸ್‌ಮೆನ್’ ಕೇಳಿ. ಇಬ್ಬರದೂ ಆಲ್ಟೊ ಸ್ಯಾಕ್ಸೊಫೋನ್. ಕದ್ರಿಯವರು ನಾಗಸ್ವರದ ಮನೆಯಿಂದ ಬಂದವರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತವರು, ಆ ಲೋಹದ ವಾದ್ಯದಿಂದ ಗಮಕವನ್ನು ಹೊರಡಿಸಲು ವರ್ಷಗಟ್ಟಲೆ ದುಡಿದವರು. ಅಮೆರಿಕದಲ್ಲಿ ಬೆಳೆದ ರುದ್ರೇಶ್ ಜಾಝ್‌ನ ಒಳಗಿನವರು. ಒಂದೇ ವಾದ್ಯ, ಎರಡು ಉಸಿರು. ಯಾರೂ ಇನ್ನೊಬ್ಬರಂತೆ ಆಗಲು ಹೋಗುವುದಿಲ್ಲ.

ವೇದಿಕೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಎಲ್ಲರ ಮಾನಿಟರ್‌ನಲ್ಲೂ ತಂಬೂರಿ ಕೇಳಬೇಕು, ಡ್ರಮ್ಸ್ ನುಡಿಸುವವರಿಗೂ ಕೇಳಬೇಕು. ಮೃದಂಗದ ಎಡಗಡೆಯ ತಗ್ಗು ದನಿಯ ತೊಪ್ಪಿಯೂ ಬೇಸ್ ಗಿಟಾರೂ ಡ್ರಮ್ಸ್‌ನ ಕಾಲಿನ ದೊಡ್ಡ ಡ್ರಮ್ಮೂ ಒಂದೇ ಜಾಗದಲ್ಲಿ ನೂಕಾಡುತ್ತವೆ. ಮೃದಂಗ ಇರುವ ಕಡೆ ಕಾಲಿನ ಡ್ರಮ್ ಸುಮ್ಮನಿರಲಿ, ಕೋಲಿನ ಬದಲು ಬ್ರಷ್ ಹಿಡಿಯಲಿ. ನಿಮ್ಮ ದನಿ ನಿಮಗೆ ಕೇಳದಿದ್ದರೆ ಹಾಡುವುದನ್ನು ನಿಲ್ಲಿಸಿ ಸರಿಪಡಿಸಿಕೊಳ್ಳಿ. ಡ್ರಮ್ಸ್ ಮೇಲೆ ಕೂಗಿ ಹಾಡಿದ ಒಂದು ಸಂಜೆಯ ದಣಿವು ಕಂಠದಲ್ಲಿ ವಾರಗಟ್ಟಲೆ ಉಳಿಯುತ್ತದೆ.

ನಿಮ್ಮ ಗುರುಗಳ ಆತಂಕವನ್ನು ಹಳೆಯ ಕಾಲದ ಮಾತೆಂದು ತಳ್ಳಬೇಡಿ. ಬೆರೆಯುವುದೇ ತಪ್ಪು ಎಂಬ ಮಾತಿಗೆ ನಮ್ಮ ಚರಿತ್ರೆಯ ಬೆಂಬಲವಿಲ್ಲ. ನಾನು ನುಡಿಸುವ ಪಿಟೀಲೇ ಎರಡು ಶತಮಾನಗಳ ಹಿಂದೆ ಬಾಲುಸ್ವಾಮಿ ದೀಕ್ಷಿತರಂಥವರ ಕೈಯಿಂದ ನಮ್ಮದಾಯಿತು. ಅವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಯೂರೋಪಿನ ಬ್ಯಾಂಡ್ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಬರೆದು ನೊಟ್ಟುಸ್ವರಗಳನ್ನು ಕೊಟ್ಟರು. ಆದರೆ ಪಿಯಾನೊಗೆ ಹೊಂದಿಕೊಳ್ಳುತ್ತಾ ಗಮಕ ಕುಗ್ಗುತ್ತದೆ ಎಂಬ ನಿಮ್ಮ ಗುರುಗಳ ಭಯ ನೂರಕ್ಕೆ ನೂರು ನಿಜ. ಅದು ಗೊತ್ತಾಗದಂತೆ ನಡೆಯುತ್ತದೆ. ಈ ಎರಡು ತಿಂಗಳು ಪ್ರತಿ ಅಭ್ಯಾಸದ ಮರುದಿನ ಬೆಳಿಗ್ಗೆ ಬರೀ ತಂಬೂರಿಯೊಂದಿಗೆ ಒಂದು ಗಂಟೆ ಹಾಡಿ. ಸಹಾನವನ್ನೋ ತೋಡಿಯನ್ನೋ ಹಾಡಿ. ಸಾಧ್ಯವಾದರೆ ಗುರುಗಳ ಮುಂದೆಯೇ ಹಾಡಿ, ಎಲ್ಲಿ ನೇರವಾಗಿದೆ ಎಂದು ಅವರೇ ತೋರಿಸುತ್ತಾರೆ. ಒಂದು ಅಭ್ಯಾಸಕ್ಕೆ ಅವರನ್ನು ಕರೆದುಕೊಂಡು ಹೋಗಿ. ಮೋಹನದಲ್ಲಿ ಬೇಸ್ ಧೈವತಕ್ಕೆ ಇಳಿಯುವ ಆ ಜಾಗವನ್ನು ಅವರು ಕೇಳಬೇಕೆಂಬುದು ನನ್ನ ಆಸೆ.

ಅಭ್ಯಾಸದ ಕ್ರಮವನ್ನು ನಾನಾದರೆ ಹೀಗೆ ಇಡುತ್ತೇನೆ. ಮೊದಲ ಎರಡು ವಾರ ವಾದ್ಯಗಳೇ ಬೇಡ. ಕೈತಾಳ, ಕೊನ್ನಕ್ಕೋಲು, ಒಟ್ಟಿಗೆ ಕುಳಿತು ಪರಸ್ಪರರ ಸಂಗೀತ ಕೇಳುವುದು, ಇಷ್ಟೇ. ನಂತರದ ಎರಡು ವಾರ ನೀವೂ ಬೇಸ್ ಮಾತ್ರ. ನಿಮ್ಮಿಬ್ಬರ ನಡುವೆ ನಂಬಿಕೆ ಕೂಡಿದ ಮೇಲೆ ಮೃದಂಗ, ಡ್ರಮ್ಸ್. ಪಿಯಾನೊ ಕೊನೆಗೆ ಬರಲಿ, ಎಲ್ಲಿ ಜಾಗವಿದೆ ಎಂದು ಕೇಳಿ ತಿಳಿದುಕೊಂಡು ಬರಲಿ. ಪಿಯಾನೊ ಕಲಾವಿದರಿಗೆ ಇದರ ಕಾರಣವನ್ನು ಮೊದಲೇ ವಿವರಿಸಿ, ಇಲ್ಲದಿದ್ದರೆ ಅವಮಾನವೆನಿಸೀತು.

ಇನ್ನು ಆಹ್ವಾನ ಪತ್ರಿಕೆ. ‘ಫ್ಯೂಷನ್’ ಎಂದು ಹಾಕಿದರೆ ತಪ್ಪೇನಿಲ್ಲ. ಆದರೆ ಆ ಪದದಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ನಿಮ್ಮ ಆರು ಅಥವಾ ಏಳು ರಚನೆಗಳನ್ನು ಬರೆಯಿರಿ, ಒಂದೊಂದರ ಮುಂದೆ ರಾಗ, ತಾಳ, ರಚಿಸಿದವರ ಹೆಸರು. ಜಾಝ್ ರಚನೆಗಳಿಗೂ ರಚಿಸಿದವರ ಹೆಸರು, ವರ್ಷ. ಐವರು ಕಲಾವಿದರ ಹೆಸರುಗಳೂ ಒಂದೇ ಗಾತ್ರದ ಅಕ್ಷರಗಳಲ್ಲಿ ಇರಲಿ.